ಅಕ್ಕಾ, ಚುಕ್ಕಿ ಎಲ್ಲಿಡ್ಬೇಕು?

ಈ ಸಲದ ಸಂಚಿಕೆಗೆ ಏನಾದ್ರೂ ಬರೆದುಕೊಡಿ ಅಂತ ಸಂಪಾದಕರು ಕೇಳಿದಾಗ ನಾವು ಐದು ಜನ ಸೇರಿ ಒಂದು ವಿಷಯ ಆರಿಸಿಕೊಂಡೆವು. ಊರಿನ ನೆನಪು, ಮೊದಲ ಸಲ ಕಂಡ ಹಿಮ, ಕುಕ್ಕರ್ ಸೀಟಿಗೆ ಕೂಗಿಕೊಂಡ ಫೈರ್ ಅಲಾರಂ ಇವನ್ನೆಲ್ಲ ನಮಗಿಂತ ಚೆನ್ನಾಗಿ ಬರೆಯುವವರು ಇದ್ದಾರೆ. ನಾವು ಬರೆಯಹೊರಟಿರುವುದು ಐದನೇ ತರಗತಿಯ ಮಕ್ಕಳಿಗೆ ದಶಮಾಂಶ ಸಂಖ್ಯೆಗಳ ಗುಣಾಕಾರ ಹೇಳಿಕೊಡುವುದರ ಬಗ್ಗೆ. ನಗಬೇಡಿ. ಕಳೆದ ಒಂದು ವರ್ಷದಲ್ಲಿ ನಮ್ಮೈವರ ನಡುವೆ ಅತಿ ಹೆಚ್ಚು ವಾದ ನಡೆದದ್ದು ಇದೇ ವಿಷಯಕ್ಕೆ. ವಾದ ಮುಗಿದು ಒಂದು ಅಭಿಪ್ರಾಯಕ್ಕೆ ಬಂದಿದ್ದೇವೆ, ಅದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಶನಿವಾರ ಬೆಳಗ್ಗೆ ಇಲ್ಲಿಯ ಸಾರ್ವಜನಿಕ ಗ್ರಂಥಾಲಯದ ಒಂದು ಕೊಠಡಿಯಲ್ಲಿ ಕನ್ನಡ ಕುಟುಂಬಗಳ ಮಕ್ಕಳಿಗೆ ಕನ್ನಡ ತರಗತಿ ನಡೆಯುವುದು ನಿಮಗೆ ಗೊತ್ತಿದೆ. ನಾವು ಅಲ್ಲಿ ಸ್ವಯಂಸೇವಕರಾಗಿ ಹೋಗುತ್ತೇವೆ. ಅಕ್ಷರ, ಕಾಗುಣಿತ, ಒಂದು ಕಥೆ ಅಂತ ಒಂದು ಗಂಟೆ. ಒಂದು ದಿನ ಒಬ್ಬರು ತಾಯಿ, "ಹೇಗೂ ಬಂದಿರ್ತೀರಲ್ಲ, ಎಲ್ಲರೂ ಇಂಜಿನಿಯರಿಂಗು ಸೈನ್ಸು ಓದ್ತಿರೋರೇ, ಅರ್ಧ ಗಂಟೆ ಮ್ಯಾಥ್ಸೂ ನೋಡಿಬಿಡಿ" ಅಂದರು. ನಾವೂ ಹೂಂ ಅಂದೆವು. ಇದೇನು ಮಹಾ, ಐದನೇ ಕ್ಲಾಸಿನ ಲೆಕ್ಕ ತಾನೇ ಅನ್ನುವ ಧೈರ್ಯ.

ಮೊದಲ ವಿಷಯವಾಗಿ ಬಂದದ್ದೇ ದಶಮಾಂಶ ಗುಣಾಕಾರ. ನಮಗೆ ಶಾಲೆಯಲ್ಲಿ ಹೇಗೆ ಹೇಳಿಕೊಟ್ಟಿದ್ದರೋ ಹಾಗೇ ಹೇಳಿಕೊಟ್ಟೆವು. ಚುಕ್ಕಿಯನ್ನು ಮರೆತುಬಿಡಿ. ಮಾಮೂಲಿ ಸಂಖ್ಯೆಗಳ ಹಾಗೆ ಗುಣಿಸಿ. ಎರಡೂ ಸಂಖ್ಯೆಗಳಲ್ಲಿ ಚುಕ್ಕಿಯ ಬಲಕ್ಕೆ ಒಟ್ಟು ಎಷ್ಟು ಅಂಕಿ ಇವೆ ಎಣಿಸಿ. ಉತ್ತರದಲ್ಲಿ ಬಲಗಡೆಯಿಂದ ಅಷ್ಟೇ ಅಂಕಿ ಬಿಟ್ಟು ಚುಕ್ಕಿ ಇಡಿ. ಮುಗೀತು. ಮಕ್ಕಳು ಚುರುಕು. ಅರ್ಧ ಗಂಟೆಯಲ್ಲಿ ಇಪ್ಪತ್ತು ಲೆಕ್ಕದ ಹಾಳೆಯನ್ನು ತುಂಬಿಸಿ ಕೊಟ್ಟರು, ಹೆಚ್ಚಿನವು ಸರಿ ಇದ್ದವು. ಅಪ್ಪ ಅಮ್ಮಂದಿರಿಗೆ ಸಂತೋಷ, ನಮಗೆ ಹೆಮ್ಮೆ.

ಮೂರು ತಿಂಗಳ ಮೇಲೆ ಗುಟ್ಟು ಹೊರಬಿತ್ತು. ಒಬ್ಬ ಹುಡುಗಿಗೆ 2.5 × 0.4 ಎಷ್ಟು ಅಂತ ಕೊಟ್ಟೆವು. ಅವಳು 25ನ್ನು 4ರಿಂದ ಗುಣಿಸಿದಳು, 100 ಬಂತು. ಕೊನೆಯ ಸೊನ್ನೆಗಳಿಗೆ ಬೆಲೆ ಇಲ್ಲ ಅಂತ ಯಾರೋ ಹೇಳಿಕೊಟ್ಟದ್ದು ಅವಳಿಗೆ ನೆನಪಿತ್ತು, ಎರಡು ಸೊನ್ನೆ ಹೊಡೆದುಹಾಕಿದಳು, 1 ಉಳಿಯಿತು. ಆಮೇಲೆ ನಿಯಮದ ಪ್ರಕಾರ ಎರಡು ಸ್ಥಾನ ಎಣಿಸಿ 0.01 ಅಂತ ಬರೆದಳು. ನಮ್ಮಲ್ಲೊಬ್ಬಳು ಪಕ್ಕ ಕೂತು ಕೇಳಿದಳು: "ಪುಟ್ಟಿ, ನಿನ್ನ ಹತ್ರ ಎರಡೂವರೆ ಚಪಾತಿ ಇದೆ. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಕಮ್ಮಿ ನಂಗೆ ಕೊಡು ಅಂದ್ರೆ ಎಷ್ಟು ಕೊಡ್ತೀಯ?" ಅವಳು ಯೋಚಿಸದೆ "ಒಂದು" ಅಂದಳು. "ಮತ್ತೆ ಇಲ್ಲಿ 0.01 ಅಂತ ಬರೆದಿದ್ದೀಯಲ್ಲ?" ಅವಳು ನಮ್ಮನ್ನು ಏನೂ ಗೊತ್ತಿಲ್ಲದವರನ್ನು ನೋಡುವ ಹಾಗೆ ನೋಡಿ ಹೇಳಿದಳು: "ಅದು ಬೇರೆ ಅಕ್ಕಾ. ಇದು ಮ್ಯಾಥ್ಸ್."

ಆ ಮಾತು ನಮ್ಮ ಕಿವಿಯಿಂದ ಹೋಗಲಿಲ್ಲ. ಮಗುವಿಗೆ ಉತ್ತರ ಗೊತ್ತಿತ್ತು. ಆ ಉತ್ತರಕ್ಕೂ ಹಾಳೆಯ ಮೇಲಿನ ಲೆಕ್ಕಕ್ಕೂ ಸಂಬಂಧವೇ ಇಲ್ಲ ಅಂತ ಅವಳು ನಂಬಿದ್ದಳು. ಹಾಗೆ ನಂಬುವಂತೆ ಮಾಡಿದ್ದರಲ್ಲಿ ನಮ್ಮ ಪಾಲೂ ಇತ್ತು. "ಚುಕ್ಕಿಯನ್ನು ಮರೆತುಬಿಡಿ" ಅಂತ ನಾವೇ ಹೇಳಿದ್ದೆವಲ್ಲ! ಸಂಖ್ಯೆ ಎಷ್ಟು ದೊಡ್ಡದು ಎಷ್ಟು ಚಿಕ್ಕದು ಅನ್ನುವುದೇ ಚುಕ್ಕಿಯಲ್ಲಿರುವಾಗ, ಅದನ್ನು ಮರೆಯಿರಿ ಅಂದರೆ ಸಂಖ್ಯೆಯನ್ನೇ ಮರೆಯಿರಿ ಅಂದ ಹಾಗೆ.

ನಮ್ಮ ಅಭಿಪ್ರಾಯ ಇಷ್ಟೇ: ಸ್ಥಾನ ಎಣಿಸಿ ಚುಕ್ಕಿ ಇಡುವ ನಿಯಮವನ್ನು ಕೊನೆಯಲ್ಲಿ ಹೇಳಿಕೊಡಬೇಕು, ಮೊದಲಲ್ಲಿ ಅಲ್ಲ. ಉತ್ತರ ಸುಮಾರು ಎಷ್ಟಿರಬೇಕು ಅಂತ ಮಗು ಮೊದಲು ಹೇಳಲಿ. ಆಮೇಲೆ ಗುಣಿಸಲಿ. ನಿಯಮವನ್ನು ಸಾಧ್ಯವಾದರೆ ತಾನೇ ಕಂಡುಕೊಳ್ಳಲಿ.

ಈ ಮಾತಿಗೆ ನಮ್ಮ ಗುಂಪಿನಲ್ಲೇ ಮೊದಲ ವಿರೋಧ ಬಂತು. "ನಾವೆಲ್ಲ ಹಾಗೇ ಕಲಿತು ಇಲ್ಲಿಗೆ ಬಂದಿಲ್ವಾ? ಆ ನಿಯಮದಿಂದ ನಮಗೇನು ಕೆಟ್ಟದ್ದಾಗಿದೆ?" ಅಂತ ಒಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಅದಕ್ಕೆ ಎರಡು ಉತ್ತರ ಇವೆ.

ಒಂದು, ನಾವು ಬಂದೆವು ನಿಜ, ನಮ್ಮ ಜೊತೆ ಕೂತವರೆಲ್ಲ ಬಂದರಾ? ಊರಿನ ನಮ್ಮ ಶಾಲೆಗಳನ್ನು ನೆನೆಸಿಕೊಳ್ಳಿ. ಭಿನ್ನರಾಶಿ, ದಶಮಾಂಶ ಬಂದ ವರ್ಷವೇ "ನಂಗೆ ಗಣಿತ ತಲೆಗೆ ಹತ್ತಲ್ಲ" ಅಂತ ತೀರ್ಮಾನಿಸಿದ ಗೆಳೆಯರು ನಮ್ಮೈವರಲ್ಲಿ ಪ್ರತಿಯೊಬ್ಬರಿಗೂ ಇದ್ದಾರೆ. ಅಲ್ಲಿಯವರೆಗೆ ಮಗ್ಗಿಯನ್ನು ನಮಗಿಂತ ಜೋರಾಗಿ ಒಪ್ಪಿಸುತ್ತಿದ್ದವರು ಅವರು. ಅಂಗಡಿಯಲ್ಲಿ ಚಿಲ್ಲರೆ ಲೆಕ್ಕ ತಪ್ಪದವರು. ಅವರಿಗೆ ಬುದ್ಧಿ ಕಡಿಮೆ ಇರಲಿಲ್ಲ. ಕಾರಣ ಹೇಳದೆ ಕೊಟ್ಟ ನಿಯಮಗಳು ಒಂದರ ಮೇಲೊಂದು ಬಿದ್ದಾಗ, ಯಾವುದು ಎಲ್ಲಿಗೆ ಅನ್ನುವುದು ಕಲಸಿಹೋಯಿತು.

ಎರಡನೆಯದು ನಮ್ಮಲ್ಲೇ ಒಬ್ಬಳ ಕಥೆ, ಅವಳ ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇವೆ. ಅವಳು ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಜೀವಕೋಶಗಳನ್ನು ತೊಳೆಯಲು ನೂರಕ್ಕೆ 0.9ರ ಉಪ್ಪುನೀರು ಬೇಕಿತ್ತು. ಅಂದರೆ ಒಂದು ಮಿಲಿಲೀಟರಿಗೆ 0.009 ಗ್ರಾಂ ಉಪ್ಪು. 50 ಮಿಲಿಲೀಟರಿಗೆ 0.45 ಗ್ರಾಂ. ಅವಳು ಅವಸರದಲ್ಲಿ ಫೋನಿನ ಕ್ಯಾಲ್ಕುಲೇಟರಿನಲ್ಲಿ ಒಂದು ಸೊನ್ನೆ ಕಡಿಮೆ ಒತ್ತಿದಳು. 0.09 × 50, ಉತ್ತರ 4.5. ತೂಗಿದಳು, ಹಾಕಿದಳು. ಹತ್ತು ಪಟ್ಟು ಉಪ್ಪು. ಕೋಶಗಳು ನೀರು ಕಳಕೊಂಡು ಮುದುಡಿದವು, ಮೂರು ದಿನದ ಕೆಲಸ ಹಾಳಾಯಿತು. ಆಮೇಲೆ ಅವಳೇ ಹೇಳಿದಳು: "ಕಾಲು ಲೋಟಕ್ಕೂ ಕಮ್ಮಿ ನೀರಿಗೆ ಮುಕ್ಕಾಲು ಟೀ ಚಮಚ ಉಪ್ಪು! ಸಾರಿಗೆ ಹಾಕೋವಾಗ ಆಗಿದ್ರೆ ಕೈ ತಾನೇ ತಡೀತಿತ್ತು. ಲ್ಯಾಬಲ್ಲಿ ಯಾಕೆ ತಡೀಲಿಲ್ಲ?" ಇದಕ್ಕೂ ಆ ಪುಟ್ಟ ಹುಡುಗಿಯ "ಅದು ಬೇರೆ, ಇದು ಮ್ಯಾಥ್ಸ್" ಅನ್ನುವುದಕ್ಕೂ ಏನು ವ್ಯತ್ಯಾಸ? ಇಪ್ಪತ್ತನಾಲ್ಕನೇ ವಯಸ್ಸಿನಲ್ಲೂ ನಮಗೆ ಅದು ಬೇರೆ, ಇದು ಬೇರೆ.

ಕ್ಯಾಲ್ಕುಲೇಟರ್ ಇರುವಾಗ ಇದೆಲ್ಲ ಯಾಕೆ ಅನ್ನುವವರಿಗೂ ಇದೇ ಉತ್ತರ. ಕ್ಯಾಲ್ಕುಲೇಟರ್ ತಪ್ಪು ಗುಣಿಸುವುದಿಲ್ಲ, ಆದರೆ ನೀವು ತಪ್ಪು ಒತ್ತಿದ್ದು ಅದಕ್ಕೆ ಗೊತ್ತಾಗುವುದಿಲ್ಲ. ಅದನ್ನು ಹಿಡಿಯುವುದು ನಮ್ಮ ಅಂದಾಜು ಮಾತ್ರ.

ಮಕ್ಕಳು ಎಲ್ಲೆಲ್ಲಿ ಎಡವುತ್ತಾರೆ ಅಂತ ಆಮೇಲಿನ ತಿಂಗಳುಗಳಲ್ಲಿ ನಾವು ಬರೆದಿಟ್ಟುಕೊಂಡೆವು. ಮೂರು ಜಾಗ ಪದೇ ಪದೇ ಬಂದವು. ಮೊದಲನೆಯದು, 0.3 × 0.4 ಕೊಟ್ಟರೆ 1.2 ಅನ್ನುವುದು. ಕೂಡುವಾಗ ಚುಕ್ಕಿಯ ಕೆಳಗೆ ಚುಕ್ಕಿ ಬರಬೇಕು ಅಂತ ಕಲಿತಿರುತ್ತಾರೆ, ಅದನ್ನೇ ಇಲ್ಲಿಗೂ ತರುತ್ತಾರೆ. ಎರಡನೆಯದು, ಗುಣಿಸಿದರೆ ದೊಡ್ಡದಾಗಲೇಬೇಕು ಅನ್ನುವ ನಂಬಿಕೆ. ನಾಲ್ಕು ವರ್ಷ ಪೂರ್ಣಸಂಖ್ಯೆಗಳನ್ನೇ ಗುಣಿಸಿದವರಿಗೆ ಇನ್ನೇನು ಅನ್ನಿಸೀತು? ಉತ್ತರ ಚಿಕ್ಕದಾಗಿ ಬಂದರೆ ತಾವೇ ತಪ್ಪು ಮಾಡಿದ್ದೇವೆ ಅಂತ ಅಳಿಸಿಹಾಕುತ್ತಾರೆ. ಮೂರನೆಯದು, 0.12 ದೊಡ್ಡದೋ 0.3 ದೊಡ್ಡದೋ ಅಂದರೆ 0.12 ಅನ್ನುವುದು, ಯಾಕೆಂದರೆ ಮೂರಕ್ಕಿಂತ ಹನ್ನೆರಡು ದೊಡ್ಡದು. ಈ ಮೂರರಲ್ಲಿ ಒಂದನ್ನೂ "ಸ್ಥಾನ ಎಣಿಸು" ಅನ್ನುವ ನಿಯಮ ಮುಟ್ಟುವುದಿಲ್ಲ. ತಪ್ಪು ತಿಳಿವಳಿಕೆ ಹಾಗೇ ಒಳಗಿರುತ್ತದೆ, ಮೇಲೆ ಸರಿ ಉತ್ತರದ ಪದರ ಬಳಿದಿರುತ್ತೇವೆ.

ಹಾಗಾದರೆ ಹೇಗೆ ಹೇಳಿಕೊಡುವುದು? ನಮ್ಮ ದೀಪಾವಳಿ ಕಾರ್ಯಕ್ರಮಕ್ಕೆ ಕೊಬ್ಬರಿ ಮಿಠಾಯಿ ಮಾಡಿದ್ದೆವು. ದೊಡ್ಡ ಚೌಕದ ತಟ್ಟೆ, ಉದ್ದಕ್ಕೆ ಹತ್ತು ಸಾಲು, ಅಡ್ಡಕ್ಕೆ ಹತ್ತು ಸಾಲು, ಒಟ್ಟು ನೂರು ತುಂಡು. ಅದನ್ನೇ ತರಗತಿಗೆ ತಗೊಂಡು ಹೋದೆವು. ಇಡೀ ತಟ್ಟೆ ಒಂದು. ತಟ್ಟೆಯ 0.3 ಅಂದರೆ ಮೂರು ಸಾಲು, ಮೂವತ್ತು ತುಂಡು. ಈಗ ಆ ಮೂರು ಸಾಲಿನಲ್ಲಿ 0.4 ಪಾಲು ಬೇಕು. ಪ್ರತಿ ಸಾಲಿನ ಹತ್ತರಲ್ಲಿ ನಾಲ್ಕು ತುಂಡು. ಒಟ್ಟು ಎಷ್ಟು? ಹನ್ನೆರಡು. ನೂರರಲ್ಲಿ ಹನ್ನೆರಡು, ಅಂದರೆ 0.12. "1.2 ಅಂದಿದ್ರೆ ಎಷ್ಟು ತುಂಡಾಗ್ತಿತ್ತು?" ಅಂತ ಕೇಳಿದೆವು. ಒಬ್ಬ ಹುಡುಗ ಲೆಕ್ಕ ಹಾಕಿ, "ನೂರಾ ಇಪ್ಪತ್ತು! ತಟ್ಟೇಲಿ ಇರೋದೇ ನೂರು!" ಅಂತ ಬಿದ್ದು ಬಿದ್ದು ನಕ್ಕ. ಅವತ್ತಿನಿಂದ ಅವನು 1.2 ಬರೆದದ್ದನ್ನು ನಾವು ನೋಡಿಲ್ಲ.

ಗುಣಿಸಿದರೆ ಯಾಕೆ ಚಿಕ್ಕದಾಯಿತು ಅನ್ನುವುದೂ ಅಲ್ಲೇ ಕಾಣುತ್ತದೆ. ಪಾಲಿನಲ್ಲಿ ಮತ್ತೆ ಪಾಲು ತೆಗೆದರೆ ಚಿಕ್ಕದಾಗದೆ ಇನ್ನೇನಾಗುತ್ತದೆ? ನಿಯಮದ ಗುಟ್ಟೂ ಅಲ್ಲೇ ಇದೆ. ಹತ್ತನೇ ಒಂದು ಪಾಲಿನ ಹತ್ತನೇ ಒಂದು ಪಾಲು ನೂರನೇ ಒಂದು. ಅದಕ್ಕೇ ಒಂದು ಸ್ಥಾನಕ್ಕೆ ಇನ್ನೊಂದು ಸ್ಥಾನ ಸೇರಿ ಎರಡು ಸ್ಥಾನ.

ಇಲ್ಲಿ ನಮ್ಮ ಭಾಷೆ ಸಹಾಯಕ್ಕೆ ಬಂತು, ಇದು ನಾವು ನಿರೀಕ್ಷಿಸಿರಲಿಲ್ಲ. ಇಂಗ್ಲಿಷಿನಲ್ಲಿ ಮಕ್ಕಳು "ಪಾಯಿಂಟ್ ತ್ರೀ" ಅನ್ನುತ್ತಾರೆ. ಕನ್ನಡದಲ್ಲೂ "ಸೊನ್ನೆ ಬಿಂದು ಮೂರು" ಅಂತ ಓದಿಸಿದರೆ ಅದೇ ತೊಂದರೆ, ಕಿವಿಗೆ ಮೂರು ಮಾತ್ರ ಕೇಳಿಸುತ್ತದೆ. "ಹತ್ತರಲ್ಲಿ ಮೂರು" ಅಂತ ಓದಿಸಿ ನೋಡಿ. ಎಷ್ಟು ಪಾಲು ಮಾಡಬೇಕು ಅನ್ನುವುದು ಮೊದಲು ಬರುತ್ತದೆ, ಅದರಲ್ಲಿ ಎಷ್ಟು ತಗೊಳ್ಳಬೇಕು ಅನ್ನುವುದು ಆಮೇಲೆ. ಕೈಯಿಂದ ಮಾಡುವ ಕೆಲಸದ ಕ್ರಮವೇ ಮಾತಿನ ಕ್ರಮ. 0.12 ಅಂದರೆ "ನೂರರಲ್ಲಿ ಹನ್ನೆರಡು". ಹಾಗೆ ಓದಿದ ಮಗು ಅದನ್ನು "ಹತ್ತರಲ್ಲಿ ಮೂರು" ಎಂಬುದಕ್ಕಿಂತ ದೊಡ್ಡದು ಅನ್ನುವ ಮೊದಲು ಒಂದು ಕ್ಷಣ ನಿಲ್ಲುತ್ತದೆ. ಆ ಒಂದು ಕ್ಷಣವೇ ನಮಗೆ ಬೇಕಾದದ್ದು. ಗುಣಿಸು ಚಿಹ್ನೆಗೂ ಕನ್ನಡದಲ್ಲಿ ಸುಲಭದ ಓದು ಇದೆ: "ಅರ್ಧದ ಅರ್ಧ", "ಕಾಲಿನ ಅರ್ಧ". ಆ "ದ" ಮತ್ತು "ಇನ" ಗುಣಿಸು ಅಂತಲೇ ಅರ್ಥ.

ಒಂದು ಶನಿವಾರ ಮೊಮ್ಮಗನನ್ನು ಬಿಡಲು ಬಂದ ಅಜ್ಜಿಯೊಬ್ಬರು ಹಿಂದಿನ ಕುರ್ಚಿಯಲ್ಲಿ ಕೂತಿದ್ದರು. ಎಪ್ಪತ್ತೆಂಟು ವರ್ಷ, ಆರು ತಿಂಗಳಿಗೆ ಅಂತ ಮಗಳ ಮನೆಗೆ ಬಂದವರು. ಬೋರ್ಡಿನ ಮೇಲೆ 0.25 × 0.25 ಇತ್ತು. ಮಕ್ಕಳು ಕಷ್ಟಪಟ್ಟು 625 ತನಕ ಬಂದಿದ್ದರು. ನಾಲ್ಕು ಸ್ಥಾನ ಎಣಿಸಬೇಕು, ಇರುವುದು ಮೂರೇ ಅಂಕಿ, ಈಗ ಏನು ಮಾಡೋದು ಅಂತ ಗಲಾಟೆ. ಅಜ್ಜಿ ಮೊಮ್ಮಗನ ಹತ್ತಿರ, "ಅದೇನೋ ಅದು?" ಅಂದರು. "ಕಾಲಿನ ಕಾಲು ಎಷ್ಟು ಅಂತ ಅಜ್ಜಿ." "ಅಷ್ಟೇನಾ? ನಾಲ್ಕಾಣೇಲಿ ಕಾಲು ಭಾಗ ಅಂದ್ರೆ ಒಂದಾಣೆ. ಅದಕ್ಕೆ ಇಷ್ಟೊಂದು ಪೇಪರ್ ಯಾಕೆ ಬೇಕು?"

ನಾವು ಐದೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ರೂಪಾಯಿಗೆ ಹದಿನಾರಾಣೆ. ರೂಪಾಯಿಯ ಕಾಲು ನಾಲ್ಕಾಣೆ, ಅದರ ಕಾಲು ಒಂದಾಣೆ, ಅಂದರೆ ಹದಿನಾರರಲ್ಲಿ ಒಂದು. ಒಂದನ್ನು ಹದಿನಾರರಿಂದ ಭಾಗಿಸಿ ನೋಡಿ, 0.0625. ಭಾರತದಲ್ಲಿ 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾಪೈಸೆ ಬಂತು. ಆಗ ಒಂದಾಣೆಯ ಬೆಲೆ ಲೆಕ್ಕದ ಪ್ರಕಾರ ಆರೂಕಾಲು ಪೈಸೆ ಆದದ್ದು ಇದೇ ಕಾರಣಕ್ಕೆ. ನೂರು ಪೈಸೆ ಬಂದ ಮೇಲೂ ಜನ 25 ಪೈಸೆಯನ್ನು ನಾಲ್ಕಾಣೆ ಅಂತಲೇ ಕರೆದರು, 50 ಪೈಸೆಯನ್ನು ಎಂಟಾಣೆ ಅಂತಲೇ. ಅಜ್ಜಿ ಅಷ್ಟಕ್ಕೇ ನಿಲ್ಲಲಿಲ್ಲ. ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು, ಪಾವಿನ ಅರ್ಧ ಅರೆಪಾವು ಅಂತ ಹೇಳುತ್ತಾ ಹೋದರು. ಕಾಲಿನ ಕಾಲು ಮತ್ತೆ ಬಂತು, ಈ ಸಲ ಚಟಾಕಾಗಿ. ಕಾಲಿನ ಅರ್ಧಕ್ಕೆ ಅರೆಕಾಲು ಅನ್ನುವ ಹೆಸರೇ ಇದೆ, 0.5 × 0.25 = 0.125. ಗುಣಾಕಾರದ ಉತ್ತರವನ್ನೇ ಒಂದು ಪದ ಮಾಡಿ ಇಟ್ಟುಕೊಂಡ ಭಾಷೆ ನಮ್ಮದು.

ಹಳೆಯ ಕಾಲವೇ ಚೆನ್ನಾಗಿತ್ತು, ಎಲ್ಲ ನಮ್ಮಲ್ಲೇ ಇತ್ತು ಅನ್ನುವ ಮಾತು ಇದಲ್ಲ. ಆಣೆ, ಸೇರುಗಳ ಲೆಕ್ಕ 0.37 × 4.6ಕ್ಕೆ ಬಂದರೆ ಕೈಕೊಡುತ್ತದೆ, ಅದಕ್ಕೇ ಜಗತ್ತು ದಶಮಾಂಶಕ್ಕೆ ಬಂದದ್ದು. ನಾವು ಹೇಳುವುದು ಬೇರೆ. ಈ ಮಕ್ಕಳ ಮನೆಗಳಲ್ಲಿ ಕಾಲು, ಅರ್ಧ, ಮುಕ್ಕಾಲು ಅನ್ನುವ ಮಾತುಗಳು ಇನ್ನೂ ಬದುಕಿವೆ. ಹಾಲು ಅರ್ಧ ಲೋಟ, ಉಪ್ಪು ಕಾಲು ಚಮಚ, ಇನ್ನು ಮುಕ್ಕಾಲು ಗಂಟೆ ಅಂತ ದಿನಾ ಕೇಳುತ್ತಾರೆ. ಗಣಿತಕ್ಕೂ ಮನೆಗೂ ನಡುವೆ ಬಾಗಿಲು ಅದು. ನಾವು ಅದನ್ನು ಮುಚ್ಚಿ, ಕಿಟಕಿಯಿಂದ ಹತ್ತಿಸುತ್ತಿದ್ದೆವು.

ಇನ್ನು ಅಂದಾಜಿನ ವಿಷಯ. 3.2 × 4.8 ಎಷ್ಟು? ಮೂರೈದ್ಲೆ ಹದಿನೈದು, ಸುಮಾರು ಹದಿನೈದು. ಈಗ 32 × 48 ಗುಣಿಸಿದರೆ 1536. ಚುಕ್ಕಿ ಎಲ್ಲಿ? 1.536 ಆಗಲಾರದು, 153.6 ಆಗಲಾರದು. ಹದಿನೈದರ ಹತ್ತಿರ ಬರಬೇಕಾದರೆ 15.36 ಒಂದೇ. ಸ್ಥಾನ ಎಣಿಸುವ ಅಗತ್ಯವೇ ಬರಲಿಲ್ಲ. ಅದೇ 3.2 × 0.48 ಆದರೆ? ಮೂರು ಚಿಲ್ಲರೆಯಲ್ಲಿ ಹೆಚ್ಚುಕಡಿಮೆ ಅರ್ಧ, ಅಂದರೆ ಒಂದೂವರೆ. ಉತ್ತರ 1.536. ಅದೇ ಅಂಕಿಗಳು, ಬೇರೆ ಜಾಗದಲ್ಲಿ ಚುಕ್ಕಿ. ಈಗ ಎಣಿಸಿ ನೋಡಿ ಅನ್ನುತ್ತೇವೆ. ನಿಯಮ ಸರಿಹೊಂದುತ್ತದೆ. ಈ ಸಲ ಅದು ಮೇಲಿನಿಂದ ಬಂದ ಆಜ್ಞೆ ಅಲ್ಲ, ಮಕ್ಕಳು ತಾವೇ ಪರೀಕ್ಷೆ ಮಾಡಿ ಒಪ್ಪಿಕೊಂಡ ಮಾತು.

ಹಣದ ಉದಾಹರಣೆ ಕೊಡಿ, ಮಕ್ಕಳಿಗೆ ಬೇಗ ಹತ್ತುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಕೂಡಲು ಕಳೆಯಲು ಹಣದಷ್ಟು ಒಳ್ಳೆಯದು ಇನ್ನೊಂದಿಲ್ಲ. ಗುಣಾಕಾರದಲ್ಲಿ ಮಾತ್ರ ಎಚ್ಚರ ಬೇಕು. 30 ಸೆಂಟನ್ನು 40 ಸೆಂಟಿನಿಂದ ಗುಣಿಸಿದರೆ ಏನು ಬರುತ್ತದೆ? ಏನೂ ಬರುವುದಿಲ್ಲ, ಆ ಪ್ರಶ್ನೆಗೇ ಅರ್ಥವಿಲ್ಲ. ಡಾಲರನ್ನು ಡಾಲರಿನಿಂದ ಗುಣಿಸುವ ವ್ಯಾಪಾರ ಎಲ್ಲೂ ಇಲ್ಲ. ಒಂದು ಕಡೆ ಬೆಲೆ ಇದ್ದರೆ ಇನ್ನೊಂದು ಕಡೆ ತೂಕ ಅಥವಾ ಅಳತೆ ಇರಬೇಕು. ಆದ್ದರಿಂದ ನಾವು ಇಂಡಿಯನ್ ಅಂಗಡಿಯ ತಕ್ಕಡಿಗೆ ಹೋದೆವು. ಬೆಂಡೆಕಾಯಿ ಪೌಂಡಿಗೆ 3.99 ಡಾಲರ್, ತಕ್ಕಡಿ ತೋರಿಸುತ್ತಿರುವುದು 0.75 ಪೌಂಡ್. ನಾಲ್ಕರ ಮುಕ್ಕಾಲು ಮೂರು, ಅಂದಮೇಲೆ ಬಿಲ್ಲು ಮೂರಕ್ಕಿಂತ ಒಂಚೂರು ಕಡಿಮೆ ಬರಬೇಕು. ಬರೆದು ಗುಣಿಸಿದರೆ 2.9925, ರಸೀದಿಯಲ್ಲಿ 2.99. ಇನ್ನು ಪೆಟ್ರೋಲ್ ಬಂಕಿನ ಬೋರ್ಡಿನಲ್ಲಿ ಬೆಲೆಯ ಕೊನೆಗೆ ಪುಟ್ಟದಾಗಿ ಬರೆಯುವ 9 ಇದೆಯಲ್ಲ, ಅದು ಒಂದು ಸೆಂಟಿನ ಹತ್ತರಲ್ಲಿ ಒಂಬತ್ತು ಪಾಲು, ಅಂದರೆ 0.009 ಡಾಲರ್. ಹತ್ತು ಗ್ಯಾಲನ್ ಹಾಕಿಸಿದರೆ ಅದರಿಂದ ಎಷ್ಟು ಹೆಚ್ಚು ಕೊಟ್ಟ ಹಾಗಾಯಿತು ಅಂತ ಕೇಳಿದ್ದೆವು. ಒಂಬತ್ತು ಸೆಂಟ್. ಮುಂದಿನ ವಾರ ಒಬ್ಬ ಹುಡುಗ ಅಪ್ಪನಿಗೆ ಕಾರಲ್ಲೇ ಪಾಠ ಮಾಡಿ ಬಂದಿದ್ದ.

ಈಗ ಅಪ್ಪ ಅಮ್ಮಂದಿರ ದೂರಿಗೆ ಬರೋಣ. "ಇಲ್ಲಿ ಸ್ಕೂಲಲ್ಲಿ ಬರೀ ಚೌಕ ಬಣ್ಣ ಹಚ್ಚಿಸ್ತಾರೆ, ನೇರವಾಗಿ ಗುಣಿಸೋದು ಹೇಳ್ಕೊಡಲ್ಲ, ಅದಕ್ಕೇ ನಿಮ್ಮ ಹತ್ರ ಕಳಿಸಿದ್ದು" ಅಂತ ಹಲವರು ಹೇಳಿದರು. ಇಲ್ಲಿಯ ಅನೇಕ ರಾಜ್ಯಗಳು ಅನುಸರಿಸುವ ಕಾಮನ್ ಕೋರ್ ಮಾನದಂಡ 2010ರಲ್ಲಿ ಬಂದದ್ದು. ಅದರ ಪ್ರಕಾರ ಐದನೇ ತರಗತಿಯಲ್ಲಿ ನೂರನೇ ಸ್ಥಾನದವರೆಗಿನ ದಶಮಾಂಶಗಳನ್ನು ಚಿತ್ರ, ಮಾದರಿ, ಸ್ಥಾನಬೆಲೆಯ ಮೂಲಕ ಗುಣಿಸಬೇಕು ಮತ್ತು ಯಾಕೆ ಹಾಗೆ ಅಂತ ವಿವರಿಸಬೇಕು. ನಾವೆಲ್ಲ ಕಲಿತ ಮಾಮೂಲಿ ಕ್ರಮದಲ್ಲಿ ಸರಾಗವಾಗಿ ಗುಣಿಸುವುದು ಆರನೇ ತರಗತಿಗೆ. ಅಂದರೆ ಚೌಕ ಬಣ್ಣ ಹಚ್ಚಿಸುವುದು ಸೋಮಾರಿತನ ಅಲ್ಲ, ಅದಕ್ಕೊಂದು ಕ್ರಮ ಇದೆ. ಆ ಕ್ರಮವನ್ನು ಶನಿವಾರ ಅರ್ಧ ಗಂಟೆಯಲ್ಲಿ ಕೆಡಿಸುತ್ತಿದ್ದವರು ನಾವು. ಶಾಲೆ ಒಂದು ವರ್ಷ ತಗೊಂಡು ಅರ್ಥ ಮಾಡಿಸಲು ಹೊರಟರೆ, ನಾವು ಕಿವಿಯಲ್ಲಿ ಅಡ್ಡದಾರಿ ಹೇಳಿಕೊಟ್ಟು "ನಮ್ಮ ಮಗು ಆಗಲೇ ಆರನೇ ಕ್ಲಾಸಿನ ಲೆಕ್ಕ ಮಾಡುತ್ತೆ" ಅಂತ ಖುಷಿಪಡಿಸುತ್ತಿದ್ದೆವು.

ಹಾಗಂತ ಚೌಕಗಳಲ್ಲಿ ಮಾಯೆ ಏನೂ ಇಲ್ಲ. ಅದನ್ನೂ ಬಾಯಿಪಾಠ ಮಾಡಬಹುದು. ಒಬ್ಬ ಹುಡುಗ ಮೂರು ಸಾಲಿಗೆ ನೀಲಿ, ನಾಲ್ಕು ಸಾಲಿಗೆ ಹಳದಿ ಹಚ್ಚಿ, ಹಸಿರು ಬಂದ ಚೌಕಗಳನ್ನು ಎಣಿಸಿ, ಹನ್ನೆರಡು ಅಂತ ಬರೆದು ಕೂತಿದ್ದ. ಯಾವುದರ ಹನ್ನೆರಡು ಅಂದರೆ ಗೊತ್ತಿಲ್ಲ. ಅವನಿಗೆ ಅದೂ ಒಂದು ನಿಯಮವೇ ಆಗಿತ್ತು, ಸ್ವಲ್ಪ ಬಣ್ಣದ ನಿಯಮ. ದೊಡ್ಡ ಸಂಖ್ಯೆಗಳಿಗೆ ಚೌಕಗಳು ಸಾಲುವುದೂ ಇಲ್ಲ. ಮಗ್ಗಿಯ ಬಗ್ಗೆಯೂ ನಮಗೆ ತಕರಾರಿಲ್ಲ. ಎಂಟೇಳ್ಲೆ ಎಷ್ಟು ಅಂತ ಬೆರಳು ಎಣಿಸುವ ಮಗು ಅಂದಾಜನ್ನೂ ಮಾಡಲಾರದು. ಮಗ್ಗಿ ಬಾಯಿಗೆ ಬರಲಿ, ನಿಯಮವೂ ಕೈಗೆ ಬರಲಿ. ಕ್ರಮ ಮಾತ್ರ ತಿರುಗುಮುರುಗು ಆಗಬಾರದು ಅನ್ನುವುದು ನಮ್ಮ ವಾದ.

ಚುಕ್ಕಿಯ ಬಗ್ಗೆ ಇನ್ನೊಂದು ಮಾತು. ಯುರೋಪಿನಲ್ಲಿ ದಶಮಾಂಶ ಲೆಕ್ಕವನ್ನು ಜನಬಳಕೆಗೆ ತಂದ ಪುಸ್ತಕಗಳಲ್ಲಿ ಮುಖ್ಯವಾದದ್ದು ಸೈಮನ್ ಸ್ಟೆವಿನ್ 1585ರಲ್ಲಿ ಡಚ್ ಭಾಷೆಯಲ್ಲಿ ಬರೆದ ಚಿಕ್ಕ ಪುಸ್ತಕ. ಅದರಲ್ಲಿ ಚುಕ್ಕಿಯೇ ಇಲ್ಲ. ಪ್ರತಿ ಅಂಕಿಯ ಪಕ್ಕ ಅದು ಎಷ್ಟನೇ ಸ್ಥಾನ ಅಂತ ಒಂದು ಸುತ್ತಿನೊಳಗೆ ಬರೆಯುತ್ತಿದ್ದ. ಇವತ್ತಿಗೂ ಜರ್ಮನಿಯಲ್ಲಿರುವ ನಮ್ಮ ಗೆಳೆಯರು ಎರಡೂವರೆಯನ್ನು 2,5 ಅಂತ ಅಲ್ಪವಿರಾಮ ಹಾಕಿ ಬರೆಯುತ್ತಾರೆ. ಚುಕ್ಕಿ ಬರೀ ಒಂದು ಗುರುತು, ಒಪ್ಪಂದ. ಬಿಡಿ ಎಲ್ಲಿ ಮುಗಿಯಿತು, ಹತ್ತನೇ ಪಾಲು ಎಲ್ಲಿ ಶುರುವಾಯಿತು ಅನ್ನುವುದು ವಿಷಯ. ಮಕ್ಕಳಿಗೆ ಸ್ಥಾನಬೆಲೆ ಗೊತ್ತಿದ್ದರೆ ಗುರುತು ಯಾವುದಾದರೂ ನಡೆಯುತ್ತದೆ.

ಕೊನೆಗೆ ನಾವು ಏನು ಮಾಡಿದೆವು ಅಂತ ಹೇಳಿ ಮುಗಿಸುತ್ತೇವೆ. ಬೋರ್ಡಿನ ಮೇಲೆ ಮೂರು ಸಾಲು ಬರೆದೆವು: 3 × 4 = 12, 3 × 0.4 = 1.2, 0.3 × 0.4 = 0.12. ಒಂದೊಂದನ್ನೂ ಮಕ್ಕಳು ತಟ್ಟೆಯ ಲೆಕ್ಕದಲ್ಲಿ ಒಪ್ಪಿಕೊಂಡಿದ್ದರು. ಇವುಗಳಲ್ಲಿ ಏನು ಕಾಣಿಸುತ್ತಿದೆ ಅಂತ ಕೇಳಿ ಸುಮ್ಮನೆ ಕೂತೆವು. ಸುಮ್ಮನೆ ಕೂರುವುದು ನಮಗೆ ಕಷ್ಟ, ಉತ್ತರ ಬಾಯಿಗೆ ಬಂದುಬಿಡುತ್ತದೆ. ಸುಮಾರು ನಾಲ್ಕು ನಿಮಿಷ ಆದಮೇಲೆ, 0.01 ಬರೆದಿದ್ದ ಅದೇ ಹುಡುಗಿ ನಿಧಾನಕ್ಕೆ ಹೇಳಿದಳು: "ಒಂದು ನಂಬರ್ ಹತ್ತು ಪಟ್ಟು ಚಿಕ್ಕದಾದ್ರೆ ಆನ್ಸರೂ ಹತ್ತು ಪಟ್ಟು ಚಿಕ್ಕದಾಗುತ್ತೆ. ಎರಡೂ ಚಿಕ್ಕದಾದ್ರೆ ಎರಡು ಸಲ." ಸ್ಥಾನ ಎಣಿಸುವ ನಿಯಮ ಅಂದರೆ ಇದೇ, ಕಾರಣದ ಸಮೇತ. ಹಾಗಂತ ಎಲ್ಲರಿಗೂ ಹೊಳೆಯಿತು ಅಂತಲ್ಲ. ಇಬ್ಬರು ಇನ್ನೂ 1.2ರಲ್ಲೇ ಇದ್ದಾರೆ, ಅವರಿಗೆ ಇನ್ನೊಂದು ತಟ್ಟೆ ಮಿಠಾಯಿ ಬೇಕಾಗಬಹುದು.

ಬರುವ ಸೆಮಿಸ್ಟರಿನಲ್ಲಿ ನಮ್ಮಲ್ಲಿ ಇಬ್ಬರು ಓದು ಮುಗಿಸಿ ಬೇರೆ ಊರಿಗೆ ಹೋಗುತ್ತಿದ್ದಾರೆ. ಶನಿವಾರ ಬೆಳಗ್ಗೆ ಒಂದೂವರೆ ಗಂಟೆ ಕೊಡಬಲ್ಲವರು ಬೇಕು. ಗಣಿತದ ಪದವಿ ಬೇಕಿಲ್ಲ, ಕನ್ನಡ ಮಾತಾಡಲು ಬಂದರೆ ಸಾಕು, ತಾಳ್ಮೆ ಸ್ವಲ್ಪ ಜಾಸ್ತಿ ಇರಲಿ. ಮಕ್ಕಳು ಪೆನ್ಸಿಲ್ ಕಚ್ಚಿಕೊಂಡು "ಅಕ್ಕಾ, ಚುಕ್ಕಿ ಎಲ್ಲಿಡ್ಬೇಕು?" "ಅಣ್ಣಾ, ಇದು ಸರೀನಾ?" ಅಂತ ಕೇಳುತ್ತಾರೆ. ಆಗ ಬೆರಳಿಟ್ಟು ಜಾಗ ತೋರಿಸಬೇಡಿ. "ಉತ್ತರ ಸುಮಾರು ಎಷ್ಟಿರ್ಬೇಕು ಅಂತ ನೀನು ಹೇಳು" ಅನ್ನಿ, ಆಮೇಲೆ ಕಾಯಿರಿ. ಬರುವವರು ಸಂಘದ ಕಾರ್ಯದರ್ಶಿಗೆ ಹೆಸರು ಕೊಡಿ. ಬರುವಾಗ ಕೊಬ್ಬರಿ ಮಿಠಾಯಿ ತಂದರೆ ಯಾರೂ ಬೇಡ ಅನ್ನುವುದಿಲ್ಲ.